ಒಂದೇ ಜಾವೆಲಿನ್‌ಗೆ ಎರಡು ಚಿನ್ನ ಹೇಗೆ?

2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಜಾವೆಲಿನ್ ಒಂದರಲ್ಲೇ ಭಾರತಕ್ಕೆ ಎರಡು ಚಿನ್ನ ಹೇಗೆ ಬಂತು, ಎಫ್64, ಎಫ್41 ಅಂದರೇನು ಅಂತ ಕೇಳಿದ್ದೀರಿ.

ಎಫ್ ಅಂದರೆ ಎಸೆತದ ಆಟಗಳು. ಟಿ ಅಂದರೆ ಓಟ ಮತ್ತು ಜಿಗಿತ. ಮುಂದಿನ ಅಂಕಿ ಆಟಗಾರರ ದೇಹದ ಸ್ಥಿತಿಯನ್ನು ಹೇಳುತ್ತದೆ. ಚಿನ್ನ ಗೆದ್ದ ಇಬ್ಬರಲ್ಲಿ ಸುಮಿತ್ ಅಂತಿಲ್ ಅವರಿಗೆ ಅಪಘಾತದಲ್ಲಿ ಮೊಣಕಾಲ ಕೆಳಗೆ ಕಾಲು ಹೋಗಿದೆ, ಕೃತಕ ಕಾಲಿನಲ್ಲಿ ಓಡಿ ಬಂದು ಎಸೆಯುತ್ತಾರೆ. ಅದು ಎಫ್64. ಇನ್ನೊಬ್ಬರು ನವದೀಪ್ ಸಿಂಗ್, ತುಂಬಾ ಕುಳ್ಳ, ಹಾಗಾಗಿ ಎಫ್41. ಸುಮಿತ್ ಎಸೆದದ್ದು 70.59 ಮೀಟರ್, ನವದೀಪ್ 47.32. ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿದರೆ ಅದು ಸ್ಪರ್ಧೆಯೇ ಆಗೋದಿಲ್ಲ, ಅಲ್ವಾ? ಅದಕ್ಕೇ ಒಂದೊಂದು ವಿಭಾಗಕ್ಕೂ ಬೇರೆ ಬೇರೆ ಚಿನ್ನ. ನವದೀಪ್‌ಗೆ ಮೊದಲು ಸಿಕ್ಕಿದ್ದು ಬೆಳ್ಳಿ. ಇರಾನಿನ ಆಟಗಾರ ಅನರ್ಹರಾದ ಮೇಲೆ ಅದು ಚಿನ್ನವಾಯಿತು.

"ವಿಭಾಗ ಜಾಸ್ತಿ, ಅದಕ್ಕೇ ಪ್ಯಾರಿಸ್‌ನಲ್ಲಿ ಭಾರತಕ್ಕೆ 29 ಪದಕ" ಅಂತ ಕೆಲವರು ಸುಮ್ನೆ ಹೇಳಿಬಿಡುತ್ತಾರೆ. ನನಗೆ ಅದು ನಿಜಕ್ಕೂ ಬೇಸರ ತರಿಸುತ್ತದೆ. ನಮ್ಮ ಚಿಕ್ಕಮಗಳೂರಿನ ರಕ್ಷಿತಾ ರಾಜು ಓಡುವ ಟಿ11 ನೋಡಿ, ಅದು ಕಣ್ಣು ಕಾಣದವರ ಓಟ. ಕಣ್ಣಿಗೆ ಪಟ್ಟಿ, ಪಕ್ಕದಲ್ಲಿ ಗೈಡ್, ಇಬ್ಬರ ಕೈಗೂ ಒಂದು ಸಣ್ಣ ದಾರ. 1500 ಮೀಟರ್ ಉದ್ದಕ್ಕೂ ಹೆಜ್ಜೆಗೆ ಹೆಜ್ಜೆ ಕೂಡಬೇಕು. ಗೈಡ್ ಎಳೆದುಕೊಂಡು ಹೋಗುವಂತಿಲ್ಲ. ಗೆರೆಯನ್ನು ರಕ್ಷಿತಾ ಅವರೇ ಮೊದಲು ದಾಟಬೇಕು.