ಇಲಿನಾಯ್ ವಿಶ್ವವಿದ್ಯಾಲಯ: ಸರ್ಕಾರಿ ಅಂದ್ಮೇಲೆ ಫೀಸು ಕಮ್ಮಿನಾ?

ಪ್ರಶ್ನೆ: ಮಗಳಿಗೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್‌ನಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಅದು ‘ಲ್ಯಾಂಡ್ ಗ್ರ್ಯಾಂಟ್’ ಸರ್ಕಾರಿ ವಿಶ್ವವಿದ್ಯಾಲಯ ಅಂತಾರೆ. ಸುತ್ತಮುತ್ತ ಬರೀ ಮೆಕ್ಕೆಜೋಳದ ಹೊಲವಂತೆ. ಇದು ಕೃಷಿ ಕಾಲೇಜಾ? ಸರ್ಕಾರಿ ಅಂದ್ಮೇಲೆ ಫೀಸು ಕಮ್ಮಿ ಇರಬೇಕಲ್ವಾ?
– ದಾವಣಗೆರೆಯ ಓದುಗರು

ಉತ್ತರ: ಫೀಸಿನ ವಿಷಯ ಮೊದಲು ಹೇಳಿಬಿಡುತ್ತೇನೆ. ನಿಮಗೆ ಕಮ್ಮಿ ಇರುವುದಿಲ್ಲ. ಅಲ್ಲಿ ‘ಸರ್ಕಾರಿ’ ಎಂದರೆ ಇಲಿನಾಯ್ ರಾಜ್ಯದ್ದು. ರಿಯಾಯಿತಿ ಆ ರಾಜ್ಯದ ಮಕ್ಕಳಿಗೆ. ಪಕ್ಕದ ಇಂಡಿಯಾನಾದಿಂದ ಬಂದವರೂ ಸಾಮಾನ್ಯವಾಗಿ ಜಾಸ್ತಿ ಕಟ್ಟಬೇಕು, ನಾವಂತೂ ಸರಿಯೇ ಸರಿ.

ಇನ್ನು ‘ಲ್ಯಾಂಡ್ ಗ್ರ್ಯಾಂಟ್’, ಅಂದರೆ ದಾನ ಕೊಟ್ಟ ಜಮೀನಿನ ಕಥೆ. 1862ರಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗಲೇ ಲಿಂಕನ್ ಒಂದು ಕಾಯಿದೆಗೆ ಸಹಿ ಹಾಕಿದರು. ವರ್ಮಾಂಟ್‌ನ ಸಂಸದ ಜಸ್ಟಿನ್ ಮೊರಿಲ್ ತಂದ ಕಾಯಿದೆ ಅದು. ಒಂದು ರಾಜ್ಯಕ್ಕೆ ಎಷ್ಟು ಜನ ಸಂಸದರೋ, ತಲಾ 30,000 ಎಕರೆ ಕೇಂದ್ರ ಸರ್ಕಾರದ ಜಮೀನು. ಅದನ್ನು ಮಾರಿ ಬಂದ ಹಣವನ್ನು ಇಡುಗಂಟಾಗಿಟ್ಟು, ಬಡ್ಡಿಯಲ್ಲಿ ಕೃಷಿ, ಎಂಜಿನಿಯರಿಂಗ್ ಕಲಿಸುವ ಕಾಲೇಜು ನಡೆಸಬೇಕು. ಕಾಲೇಜು ಎಂದರೆ ಉಳ್ಳವರ ಮಕ್ಕಳು ಲ್ಯಾಟಿನ್ ಓದುವ ಜಾಗ ಎಂದಿದ್ದ ಕಾಲದಲ್ಲಿ ಇದು ರೈತರ, ಕೆಲಸಗಾರರ ಮಕ್ಕಳಿಗೆ ಬಾಗಿಲು ತೆರೆಯಿತು. ಇಲಿನಾಯ್ ಪಾಲಿಗೆ ಬಂದದ್ದು 4,80,000 ಎಕರೆ. ಆ ರಾಜ್ಯದಲ್ಲಿ ಕೇಂದ್ರ ಸರ್ಕಾರದ ಅಷ್ಟು ಜಮೀನು ಇರಲಿಲ್ಲವಾದ್ದರಿಂದ ಬೇರೆ ರಾಜ್ಯಗಳ ಜಮೀನಿನ ಹಕ್ಕುಪತ್ರ ಕೊಟ್ಟರು. ಹೀಗೆ ದಾನ ಕೊಟ್ಟ ಜಮೀನಾದರೂ ಯಾರದ್ದು? ಮೂಲನಿವಾಸಿಗಳಿಂದ ಕಸಿದುಕೊಂಡದ್ದು, ಇಲ್ಲವೇ ಪುಡಿಗಾಸಿಗೆ ಬರೆಸಿಕೊಂಡದ್ದು. ಅಲ್ಲಿನ ಕಾಲೇಜುಗಳು ಇದನ್ನು ಬಾಯಿಬಿಟ್ಟು ಹೇಳಲು ಶುರುಮಾಡಿದ್ದು ಈಚೆಗೆ.

ಈ ವಿಶ್ವವಿದ್ಯಾಲಯ 1867ರಲ್ಲಿ ‘ಇಲಿನಾಯ್ ಇಂಡಸ್ಟ್ರಿಯಲ್ ಯೂನಿವರ್ಸಿಟಿ’ ಆಗಿ ಹುಟ್ಟಿ, 1885ರಲ್ಲಿ ಇಂದಿನ ಹೆಸರು ಪಡೆಯಿತು. ಈಗ 50,000ಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದಾರೆ. ಕೃಷಿ ಕಾಲೇಜು ಅದರಲ್ಲೊಂದು ಭಾಗ ಅಷ್ಟೇ. ಎಂಜಿನಿಯರಿಂಗ್, ಕಂಪ್ಯೂಟರ್, ಸಂಗೀತ, ಕಾನೂನು, ಪಶುವೈದ್ಯ ಎಲ್ಲ ಇವೆ. ಟ್ರಾನ್ಸಿಸ್ಟರ್ ಕಂಡುಹಿಡಿದ ಮೂವರಲ್ಲಿ ಒಬ್ಬರಾದ ಜಾನ್ ಬಾರ್ಡೀನ್ 1951ರಲ್ಲಿ ಇಲ್ಲಿಗೆ ಪಾಠ ಮಾಡಲು ಬಂದರು. ಭೌತಶಾಸ್ತ್ರದಲ್ಲಿ ಎರಡು ನೊಬೆಲ್ ಪಡೆದವರು ಇವತ್ತಿಗೂ ಅವರೊಬ್ಬರೇ. ಎರಡನೆಯದು ಇಲ್ಲೇ ಮಾಡಿದ ಸೂಪರ್‌ಕಂಡಕ್ಟಿವಿಟಿ (ವಿದ್ಯುತ್ ಅಡೆತಡೆಯಿಲ್ಲದೆ ಹರಿಯುವ ಗುಣ) ಕುರಿತ ಕೆಲಸಕ್ಕೆ, 1972ರಲ್ಲಿ ಬಂತು. ಜನಸಾಮಾನ್ಯರಿಗೆ ಇಂಟರ್‌ನೆಟ್ ಕಣ್ಣಿಗೆ ಕಾಣುವಂತೆ ಮಾಡಿದ ಮೊಸಾಯಿಕ್ ಬ್ರೌಸರ್ ಹೊರಬಂದದ್ದೂ ಇಲ್ಲಿಂದ, 1993ರಲ್ಲಿ.

ನೀವು ಮೆಕ್ಕೆಜೋಳದ ಸೀಮೆಯವರು, ಆದ್ದರಿಂದ ಇದೊಂದನ್ನು ಹೇಳಲೇಬೇಕು. ಕ್ಯಾಂಪಸ್ ನಟ್ಟನಡುವೆ ಮಾರೋ ಪ್ಲಾಟ್ಸ್ ಎಂಬ ಪುಟ್ಟ ಹೊಲ ಇದೆ. 1876ರಿಂದ ಅಲ್ಲಿ ಪ್ರಯೋಗ ನಡೆಯುತ್ತಲೇ ಇದೆ. ಒಂದು ತುಂಡಿನಲ್ಲಿ ವರ್ಷವೂ ಮೆಕ್ಕೆಜೋಳವೇ. ಪಕ್ಕದಲ್ಲಿ ಬೆಳೆ ಬದಲಿಸುತ್ತಾರೆ: ಒಂದು ವರ್ಷ ಮೆಕ್ಕೆಜೋಳ, ಇನ್ನೊಂದು ವರ್ಷ ಸೋಯಾ. ಗೊಬ್ಬರ ಹಾಕದೆ ಅದೇ ಬೆಳೆ ಬೆಳೆದರೆ ಭೂಮಿ ಹೇಗೆ ಸೊರಗುತ್ತದೆ ಎಂದು ಕಣ್ಣಾರೆ ನೋಡಬಹುದು. ಹೊಲದ ಪಕ್ಕದಲ್ಲೇ ಲೈಬ್ರರಿ ಕಟ್ಟಬೇಕಾಗಿ ಬಂದಾಗ, ಬೆಳೆಗೆ ನೆರಳು ಬಿದ್ದೀತೆಂದು ಅದನ್ನು ನೆಲದಡಿ ಎರಡು ಅಂತಸ್ತು ಇಳಿಸಿ ಕಟ್ಟಿದರು. 1969ರಲ್ಲಿ ಅದು ತೆರೆಯಿತು. ನಮ್ಮಲ್ಲಾಗಿದ್ದರೆ ಹೊಲವೇ ಪಾರ್ಕಿಂಗ್ ಆಗಿರುತ್ತಿತ್ತೇನೋ!

ಈಗ ನೀವು ಮಾಡಬೇಕಾದ್ದು. ರ‍್ಯಾಂಕಿಂಗ್ ಪಟ್ಟಿ ಪಕ್ಕಕ್ಕಿಡಿ, ಸುಮ್ನೆ ತಲೆಬಿಸಿ. ಪ್ರವೇಶ ಪತ್ರ ತೆಗೆದು ಓದಿ. ಥೀಸಿಸ್ (ಸಂಶೋಧನಾ ಪ್ರಬಂಧ) ಇರುವ ಎಂ.ಎಸ್. ಆಗಿದ್ದರೆ ಪಾಠಕ್ಕೋ ಸಂಶೋಧನೆಗೋ ಸಹಾಯಕಿಯಾಗುವ ಅವಕಾಶ ಜಾಸ್ತಿ. ಆ ಕೆಲಸ ಸಿಕ್ಕರೆ ಸಂಬಳದ ಜೊತೆಗೆ ಬೋಧನಾ ಶುಲ್ಕವೂ ಮನ್ನಾ ಆಗುವುದುಂಟು. ಥೀಸಿಸ್ ಇಲ್ಲದ ವೃತ್ತಿಪರ ಕೋರ್ಸಾದರೆ ಬಹುತೇಕ ಪೂರ್ತಿ ಹಣ ನೀವೇ ಹೊಂದಿಸಬೇಕು. ಪತ್ರದಲ್ಲಿ ಇದು ಬರೆದಿಲ್ಲದಿದ್ದರೆ ವಿಭಾಗಕ್ಕೆ ಇಮೇಲ್ ಹಾಕಿ ಕೇಳಿ, ಸಂಕೋಚ ಬೇಡ. ವೀಸಾಕ್ಕೆಂದು ವಿಶ್ವವಿದ್ಯಾಲಯ ಕೊಡುವ ಐ-20 ಫಾರಂನಲ್ಲಿ ಫೀಸು, ಊಟ, ವಸತಿ ಸೇರಿದ ಅಂದಾಜು ಖರ್ಚು ಇರುತ್ತದೆ. ಬ್ಯಾಂಕ್ ಸಾಲದ ಲೆಕ್ಕ ಅಲ್ಲಿಂದ ಶುರುವಾಗಲಿ. ಕ್ಯಾಂಪಸ್‌ನಲ್ಲಿ ದುಡಿದು ಫೀಸು ಕಟ್ಟುತ್ತೇನೆ ಎಂದು ಮಗಳು ಹೇಳಿದರೆ ನಂಬಬೇಡಿ. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸಕ್ಕೆ ವೀಸಾ ಬಿಡುವುದಿಲ್ಲ. ಕೈಖರ್ಚಿಗೆ ಆದೀತು, ಅಷ್ಟೇ.

ಊರು ಚಿಕ್ಕದು, ಚಳಿ ಕಠಿಣ. ಷಿಕಾಗೊಕ್ಕೆ ನೇರ ರೈಲಿದೆ.

ಪ್ರಶ್ನೆ: ನಮ್ಮ ಜಿಕೆವಿಕೆ ಕೂಡ ಇದೇ ಮಾದರಿ ಅಂತಾರೆ, ನಿಜವೇ?
– ತುಮಕೂರಿನ ಬಿ.ಎಸ್ಸಿ. ಕೃಷಿ ವಿದ್ಯಾರ್ಥಿ

ಉತ್ತರ: ನಿಜ. 1960ರಲ್ಲಿ ಪಂತ್‌ನಗರದಲ್ಲಿ ನಮ್ಮ ದೇಶದ ಮೊದಲ ಕೃಷಿ ವಿಶ್ವವಿದ್ಯಾಲಯ ಶುರುವಾದಾಗ ಕೈಜೋಡಿಸಿದ್ದು ಇದೇ ಇಲಿನಾಯ್. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ (ಜಿಕೆವಿಕೆ ಅದರ ಕ್ಯಾಂಪಸ್) ಶುರುವಾದಾಗ ನೆರವಿಗೆ ಬಂದದ್ದು ಟೆನೆಸಿ ವಿಶ್ವವಿದ್ಯಾಲಯ, ಅದೂ ಲ್ಯಾಂಡ್ ಗ್ರ್ಯಾಂಟ್ ಸಂಸ್ಥೆಯೇ. ಪಾಠ, ಸಂಶೋಧನೆ, ರೈತರಿಗೆ ತಿಳಿಸುವ ವಿಸ್ತರಣೆ – ಮೂರೂ ಒಂದೇ ಸೂರಿನಡಿ ಇರಬೇಕೆಂಬ ನಿಯಮ ಅಲ್ಲಿಂದ ಬಂದದ್ದು. ನಿಮ್ಮ ಕ್ರೆಡಿಟ್, ಗ್ರೇಡ್ ಪಾಯಿಂಟ್, ಆಂತರಿಕ ಪರೀಕ್ಷೆಗಳೂ ಅಷ್ಟೇ. ಆದ್ದರಿಂದ ಮುಂದೆ ಅಲ್ಲಿಗೆ ಓದಲು ಹೋದರೆ ನಿಮ್ಮ ಅಂಕಪಟ್ಟಿ ಅರ್ಥ ಮಾಡಿಸಲು ಜಾಸ್ತಿ ಒದ್ದಾಡಬೇಕಿಲ್ಲ.