ಸೂಸೈಡ್ ಸ್ಕ್ವಾಡ್: ಎಲ್ಲಿಂದ ಓದಬೇಕು, ಬಾಂಬ್ ಎಲ್ಲಿರುತ್ತೆ?

ಜೈಲಲ್ಲಿರೋ ಖಳರನ್ನು ಸರ್ಕಾರ ಅಪಾಯದ ಗುಪ್ತ ಕೆಲಸಗಳಿಗೆ ಕಳಿಸೋ ಕಥೆಯ 1987ರ ಸೂಸೈಡ್ ಸ್ಕ್ವಾಡ್ ಕಾಮಿಕ್ಸನ್ನು ಎಲ್ಲಿಂದ ಶುರು ಮಾಡಲಿ, ಸಿನಿಮಾದ ಹಾಗೆ ಅಲ್ಲೂ ಕೈದಿಗಳ ಮೈಯೊಳಗೆ ಬಾಂಬ್ ಇರುತ್ತಾ ಅಂತ ಕೇಳಿದ್ದೀರಿ.

ಇಲ್ಲ, ಅಲ್ಲಿರೋದು ಕೈಗೆ ಕಟ್ಟುವ ಸ್ಫೋಟಕ ಬಳೆ. ತಂಡದ ನಾಯಕ ರಿಕ್ ಫ್ಲ್ಯಾಗ್‌ನಿಂದ ತೀರಾ ದೂರ ಹೋದರೆ ಸಿಡಿಯುತ್ತೆ. 9ನೇ ಸಂಚಿಕೆ ನೋಡಿ: "ಇದೆಲ್ಲ ಬರೀ ಬೆದರಿಕೆ" ಅಂತ ತಂಡದ ಕೈದಿ ಕ್ಯಾಪ್ಟನ್ ಬೂಮರ್ಯಾಂಗ್ ನಂಬಿಸುತ್ತಾನೆ, ಜೊತೆಗಾರ ಕೈದಿ ಸ್ಲಿಪ್‌ನಾಟ್ ಓಡಿ ತೋಳು ಕಳೆದುಕೊಳ್ಳುತ್ತಾನೆ. ಬಳೆ ನಿಜವೋ ಸುಳ್ಳೋ ಅಂತ ತಿಳಿಯೋಕೆ ಬೂಮರ್ಯಾಂಗ್ ಇನ್ನೊಬ್ಬನನ್ನು ಬಲಿ ಕೊಟ್ಟ. ಈ ಸರಣಿಯ ಗುಣ ಪೂರ್ತಿ ಅಲ್ಲೇ ಇದೆ.

ಮೊದಲು ಲೆಜೆಂಡ್ಸ್ ಅನ್ನೋ ಬೇರೆ ಕಾಮಿಕ್ಸಿನ 3ನೇ ಸಂಚಿಕೆ ಓದಿ, ಆಮೇಲೆ ಸೀಕ್ರೆಟ್ ಆರಿಜಿನ್ಸ್ ಅನ್ನೋ ಇನ್ನೊಂದರ 14ನೇ ಸಂಚಿಕೆ. ತಂಡವನ್ನು ನಡೆಸೋ ಅಮಾಂಡಾ ವಾಲರ್ ಯಾರು, ಸರ್ಕಾರ ಇಂಥ ತಂಡಕ್ಕೆ ಹೇಗೆ ಒಪ್ಪಿತು ಅನ್ನೋದು ಅದರಲ್ಲಿದೆ. ಅದನ್ನು ಓದದೆ ಬಿಟ್ಟರೆ ಇದೇ ಹೆಸರಿನ 1959ರ ಹಳೇ ತಂಡದ ಮಾತು ಬಂದಾಗಲೆಲ್ಲ ಗೊಂದಲ. ನಂತರ 1987ರ ಸರಣಿಯನ್ನೇ 1ರಿಂದ 66ರವರೆಗೆ ಸಾಲಾಗಿ ಓದಿ. 10ನೇದನ್ನು ದಯವಿಟ್ಟು ನಿಧಾನವಾಗಿ ಓದಿ: ತಂಡದ ಕೈದಿಗಳಿರೋ ಬೆಲ್ ರೀವ್ ಜೈಲಿಗೆ ನುಗ್ಗಿದ ಬ್ಯಾಟ್‌ಮ್ಯಾನ್ ಎದುರಿಗೆ ಯಾವ ಶಕ್ತಿಯೂ ಇಲ್ಲದ ವಾಲರ್ ಒಂದು ಹೆಜ್ಜೆಯೂ ಹಿಂದೆ ಸರಿಯೋದಿಲ್ಲ.

2011ರ ಸರಣಿ ಬೇರೆಯೇ ಕಥೆ, ಅದನ್ನು ಇದರ ಮುಂದುವರಿಕೆ ಅಂದುಕೊಂಡು ಕೊಳ್ಳಬೇಡಿ.