ಡಾಕ್ಟರ್ ಎಲ್ಲಿ ಅಂತ ಕೇಳಿದ್ದೀಯಲ್ಲ, ತಂಗಿ

ನೀನು ಗುಬ್ಬಿಯವಳು ಅಂತ ಬರೆದಿದ್ದೀಯ. ನನ್ನ ತವರು ಶಿರಾ. ಅಕ್ಕಾ ಅಂತ ಕರೆದಿದ್ದೀಯ, ಅದಕ್ಕೇ ನೀನು ಅಂತಲೇ ಬರೆಯುತ್ತೇನೆ.

ನೀನು ಕೇಳಿದ್ದು ಇಷ್ಟು. ಇಂಗ್ಲೆಂಡಿಗೆ ಬಂದು ನಾಲ್ಕು ತಿಂಗಳು, ಈಗ 11 ವಾರ ತುಂಬಿದೆ. ಡಾಕ್ಟರಮ್ಮನಿಗೆ ತೋರಿಸಬೇಕು ಅಂದರೆ ಮಿಡ್‌ವೈಫ್ ಹತ್ತಿರ ಹೋಗಿ ಅನ್ನುತ್ತಾರೆ. ಡಾಕ್ಟರೇ ಇಲ್ಲದೆ ಹೆರಿಗೆ ಮಾಡಿಸುತ್ತಾರಾ? ಏಳನೇ ತಿಂಗಳಿಗೆ ಊರಿಗೆ ಹೋಗಿಬಿಡಲಾ?

ಮೊದಲು ಅವಸರದ ಮಾತು. ಜಿ.ಪಿ., ಅಂದರೆ ಇಲ್ಲಿಯ ಮಾಮೂಲಿ ಡಾಕ್ಟರು, ಬರೆದುಕೊಡಲಿ ಅಂತ ಕಾಯಬೇಡ. ನಿನ್ನ ಹತ್ತಿರದ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ನೀನೇ ನೇರವಾಗಿ ಹೆಸರು ಕೊಡಬಹುದು. ಮೊದಲ ಭೇಟಿಗೆ ಇಲ್ಲಿ ಬುಕಿಂಗ್ ಅನ್ನುತ್ತಾರೆ. ಅದು 10 ವಾರದೊಳಗೆ ಆಗಿದ್ದರೆ ಚೆನ್ನಾಗಿತ್ತು. ಮೊದಲ ಸ್ಕ್ಯಾನ್ 11ರಿಂದ 14 ವಾರದ ನಡುವೆ ಆಗಬೇಕು. ಹಾಗಾಗಿ ಇದನ್ನು ಓದಿ ಮುಗಿಸುವ ಮೊದಲೇ ಫೋನ್ ಮಾಡಿದರೂ ನನಗೆ ಬೇಜಾರಿಲ್ಲ. ವೀಸಾ ಮಾಡಿಸುವಾಗ ಆರೋಗ್ಯದ ಸರ್‌ಚಾರ್ಜ್ ಕಟ್ಟಿದ್ದೀರಲ್ಲ, ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಅದರಲ್ಲೇ ಹೆರಿಗೆಯ ಖರ್ಚೂ ಬಂತು. ಬೇರೆ ದುಡ್ಡು ಕೇಳುವುದಿಲ್ಲ.

ಈಗ ಮಿಡ್‌ವೈಫ್ ವಿಚಾರ. ನಾನು ಎರಡನೆಯದು ಬಸುರಿಯಾದಾಗ ಇದೇ ಸುದ್ದಿಯನ್ನು ನಮ್ಮ ಅತ್ತೆಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ವಿಮಾನ ಹತ್ತಿ ಅಷ್ಟು ದೂರ ಹೋಗಿ ಸೂಲಗಿತ್ತಿ ಕೈಲಿ ಹೆರಿಗೆ ಮಾಡಿಸ್ಕೊಳ್ತೀಯಾ? ಅದಕ್ಕೆ ಪಾವಗಡ ಸಾಕಾಗಿತ್ತಲ್ಲೇ!" ಅಂದರು.

ಅವರು ಪಾವಗಡ ಅಂದದ್ದು ಸುಮ್ನೆ ಅಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ನೀನೂ ಕೇಳಿರುತ್ತೀಯ. ಶಾಲೆ ಕಂಡವರಲ್ಲ. ಕಾಸು ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ನಮ್ಮ ಜಿಲ್ಲೆಯವರಿಗೆ ಸೂಲಗಿತ್ತಿ ಅಂದರೆ ಏನು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಾಗಂತ ಹಳೆಯದೆಲ್ಲ ಚಿನ್ನ ಅಂತಲೂ ನಾನು ಹೇಳುವುದಿಲ್ಲ. ನಮ್ಮಜ್ಜಿ ಮನೆಯಲ್ಲೇ ಹೆತ್ತದ್ದು ಒಂಬತ್ತು, ಉಳಿದದ್ದು ಐದು.

ಇಲ್ಲಿಯ ಮಿಡ್‌ವೈಫ್ ಕೈಯಲ್ಲಿ ಸೂಲಗಿತ್ತಿಯ ಕೆಲಸವಿದೆ, ಹಿಂದೆ ದೊಡ್ಡ ಆಸ್ಪತ್ರೆ ಇದೆ. ಮೂರು ವರ್ಷದ ಡಿಗ್ರಿ ಓದಿ, ಹೆಸರು ನೋಂದಾಯಿಸಿಕೊಂಡವಳು. 1902ರಲ್ಲೇ ಇದಕ್ಕೆ ಇಲ್ಲಿ ಕಾಯ್ದೆ ಬಂದಿದೆ. ನಾರ್ಮಲ್ ಹೆರಿಗೆಯನ್ನು ಶುರುವಿನಿಂದ ಕೊನೆಯವರೆಗೆ ಅವಳೇ ನೋಡಿಕೊಳ್ಳುತ್ತಾಳೆ. ಬಿ.ಪಿ. ಏರಿದರೆ, ರಕ್ತ ಜಾಸ್ತಿ ಹೋದರೆ, ಮಗುವಿನ ಎದೆಬಡಿತ ಇಳಿದರೆ ಡಾಕ್ಟರನ್ನು ಕರೆಯುತ್ತಾಳೆ. ಮೊದಲೇ ಏನಾದರೂ ತೊಂದರೆ ಇದ್ದರೆ, ಹಿಂದೆ ಸಿಸೇರಿಯನ್ ಆಗಿದ್ದರೆ, ಡಾಕ್ಟರ್ ಶುರುವಿನಿಂದಲೇ ಇರುತ್ತಾರೆ. ಅಂದರೆ ಡಾಕ್ಟರ್ ಇಲ್ಲ ಅಂತಲ್ಲ, ಬೇಕಾದಾಗ ಬರುತ್ತಾರೆ.

ನನ್ನ ದೊಡ್ಡ ಮಗಳು ಹುಟ್ಟಿದ್ದು 2009ರಲ್ಲಿ, ತುಮಕೂರಿನ ಒಂದು ನರ್ಸಿಂಗ್ ಹೋಮಿನಲ್ಲಿ. ಹೆಸರು ಬೇಡ. ಡಾಕ್ಟರ್ ಒಳ್ಳೆಯವರೇ, ಕೈ ಚುರುಕು. ಆದರೆ ಅವರು ಬಂದದ್ದು ಕೊನೆಯ ಹತ್ತು ನಿಮಿಷಕ್ಕೆ. ಅದಕ್ಕೆ ಮುಂಚೆ ಎಂಟು ಗಂಟೆ ಕೈಗೆ ಡ್ರಿಪ್ ಹಾಕಿ ಅಂಗಾತ ಮಲಗಿಸಿದ್ದರು. ಎದ್ದು ಓಡಾಡಬಾರದು. ಅಮ್ಮ ಬಾಗಿಲ ಆಚೆ, ಇವರು ಇನ್ನೂ ಆಚೆ. ಕೂಗಿದರೆ, "ನೀನೊಬ್ಬಳೇನಾ ಹೆರ್ತಿರೋದು, ಸುಮ್ನಿರಮ್ಮ" ಅನ್ನುತ್ತಿದ್ದರು. ಹೊಲಿಗೆ ಹಾಕುವಾಗಲೇ ನನಗೆ ಗೊತ್ತಾಗಿದ್ದು, ಕೊಯ್ದಿದ್ದಾರೆ ಅಂತ. ಮಗು ಚೆನ್ನಾಗಿತ್ತು, ನಾನೂ ಚೆನ್ನಾಗಿದ್ದೆ, ಅದನ್ನು ಇಲ್ಲ ಅನ್ನಲ್ಲ. ಆದರೆ ಆ ಕೋಣೆಯ ವಿಷಯವನ್ನು ಅಮ್ಮನಿಗೂ ಪೂರ್ತಿ ಹೇಳಿಲ್ಲ.

ಎರಡನೆಯವನು 2016ರಲ್ಲಿ, ಇಲ್ಲಿ ಲೀಡ್ಸಿನಲ್ಲಿ. ರಾತ್ರಿ ಎರಡು ಗಂಟೆಗೆ ನೋವು ಶುರುವಾಯಿತು. ಫೋನ್ ಮಾಡಿದರೆ, ಪ್ಯಾರಾಸಿಟಮಾಲ್ ನುಂಗಿ ಬಿಸಿನೀರಿನಲ್ಲಿ ಕೂತ್ಕೊಳ್ಳಿ, ಹತ್ತು ನಿಮಿಷಕ್ಕೆ ಮೂರು ಸಲ ನೋವು ಬಂದರೆ ಬನ್ನಿ ಅಂದರು. ಬೆಳಿಗ್ಗೆ ಹೋದೆ. ಒಳಗೆ ಪರೀಕ್ಷೆ ಮಾಡಿ, ಗರ್ಭಕೋಶದ ಬಾಯಿ ತೆರೆದಿರುವುದು ಇನ್ನೂ 3 ಸೆಂಟಿಮೀಟರ್, ಮನೆಗೆ ಹೋಗಿ ಅಂದರು! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಲ್ಲಿ 4 ಸೆಂಟಿಮೀಟರ್ ಆದ ಮೇಲೆಯೇ ಹೆರಿಗೆ ನೋವು ಸರಿಯಾಗಿ ಶುರುವಾಯಿತು ಅಂತ ಅವರ ಲೆಕ್ಕ. ಮನೆಗೆ ಬಂದು ಮಗಳಿಗೆ ತಿಳಿಸಾರು ಮಾಡಿಟ್ಟೆ. ಒಲೆಯ ಕಟ್ಟೆ ಹಿಡಿದುಕೊಂಡು ನಿಲ್ಲುವುದು, ನೋವು ಇಳಿದ ಮೇಲೆ ಒಗ್ಗರಣೆ ಹಾಕುವುದು. ನಿನಗೂ ಹೀಗೆ ವಾಪಸ್ ಕಳಿಸಬಹುದು, ಹೆದರಬೇಡ. ಆದರೆ ರಕ್ತ ಕಂಡರೆ, ನೀರು ಹೋದರೆ, ಮಗು ಅಲ್ಲಾಡುವುದು ಕಡಿಮೆಯಾದರೆ ಮಾತ್ರ ನಾಚಿಕೆ ಬಿಟ್ಟು ಕೂಡಲೇ ಫೋನ್ ಮಾಡು, ಹತ್ತು ಸಲ ಆದರೂ ಸರಿ.

ಮಧ್ಯಾಹ್ನ ಮತ್ತೆ ಹೋದಾಗ 6 ಸೆಂಟಿಮೀಟರ್. ಒಳಗೆ ಬಂದ ಮಿಡ್‌ವೈಫ್ ನನ್ನ ಅಮ್ಮನ ವಯಸ್ಸಿನವಳು. ನಾನು ಕ್ಲಿನಿಕ್ಕಿನಲ್ಲಿ ಏಳೆಂಟು ಸಲ ನೋಡಿದ್ದವಳಲ್ಲ, ಬೇರೆ. ಇದು ನಿನಗೆ ಗೊತ್ತಿರಲಿ: ತಿಂಗಳುಗಟ್ಟಲೆ ನೋಡಿದವಳೇ ಹೆರಿಗೆಗೂ ಇರುತ್ತಾಳೆ ಅಂತ ಖಾತ್ರಿ ಇಲ್ಲ. ಅವಳು ಮೊದಲು ಕೇಳಿದ್ದು, ನಿನಗೆ ಹೇಗೆ ಬೇಕು ಅಂತ. ನಾನು ಕಣ್ಣು ಕಣ್ಣು ಬಿಟ್ಟೆ. ಹೆರುವವಳನ್ನು ಅದನ್ನೆಲ್ಲ ಕೇಳುತ್ತಾರಾ?

ದೊಡ್ಡ ತೊಟ್ಟಿಯಲ್ಲಿ ಬೆಚ್ಚಗಿನ ನೀರು ತುಂಬಿಸಿದ್ದರು. ಇಳಿದೆ. ಸೊಂಟದವರೆಗೆ ನೀರು ಬಂದಾಗ ನನಗೆ ನೆನಪಾಗಿದ್ದು ನಮ್ಮ ಬಚ್ಚಲುಮನೆಯ ಹಂಡೆ. ಮೊದಲ ಬಾಣಂತನದಲ್ಲಿ ಅಮ್ಮ ಬೆನ್ನಿಗೆ ನೀರು ಸುರಿಯುತ್ತಿದ್ದಳಲ್ಲ, ಅದೇ ಹಿತ. ಇವರು ಪಕ್ಕದಲ್ಲೇ ಕೂತು ಕೈ ಹಿಡಿದಿದ್ದರು. ನೋವಿಗೆ ಒಂದು ಕೊಳವೆ ಕೊಡುತ್ತಾರೆ, ಗ್ಯಾಸ್ ಅಂಡ್ ಏರ್ ಅಂತ, ಅರ್ಧ ಆಮ್ಲಜನಕ, ಅರ್ಧ ನೈಟ್ರಸ್ ಆಕ್ಸೈಡ್. ನೋವು ಹೋಗುವುದಿಲ್ಲ, ನೋವಿನಿಂದ ಒಂದು ಗಜ ದೂರ ಕೂತ ಹಾಗೆ ಆಗುತ್ತದೆ. ನಾನು ಕನ್ನಡದಲ್ಲಿ ಏನೇನೋ ಮಾತಾಡಿದೆನಂತೆ. ಎಪಿಡ್ಯೂರಲ್, ಅಂದರೆ ನೋವು ತಿಳಿಯದ ಹಾಗೆ ಬೆನ್ನಿಗೆ ಕೊಡುವ ಮದ್ದು, ಬೇಕಾದರೆ ಡಾಕ್ಟರಿರುವ ವಾರ್ಡಿಗೆ ಹೋಗಬೇಕು. ಕೇಳಿದರೆ ಯಾರೂ ನಿನ್ನನ್ನು ಹೀಗಳೆಯುವುದಿಲ್ಲ.

ಆಯಮ್ಮ ಹದಿನೈದು ನಿಮಿಷಕ್ಕೊಮ್ಮೆ ನೀರಿನೊಳಗೇ ಪುಟ್ಟ ಯಂತ್ರ ಇಟ್ಟು ಮಗುವಿನ ಎದೆಬಡಿತ ಕೇಳುತ್ತಿದ್ದಳು. ಉಳಿದ ಹೊತ್ತು ಸುಮ್ಮನೆ ಕೂತಿದ್ದಳು. ಆ ಸುಮ್ಮನೆ ಕೂರುವುದೇ ಅವಳ ಕೆಲಸ ಅಂತ ನನಗೆ ಆಮೇಲೆ ಅರ್ಥವಾಯಿತು. ನಾನು "ಅಯ್ಯೋ ಅಮ್ಮಾ" ಅನ್ನುವ ರಾಗ ಬದಲಾದ ಕೂಡಲೇ ಅವಳಿಗೆ ಗೊತ್ತಾಯಿತು, ಹೊತ್ತು ಬಂತು ಅಂತ. ಭಾಷೆ ಬಾರದವಳಿಗೆ! ಮಿಡ್‌ವೈಫ್ ಅನ್ನುವ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ 'ಹೆಂಗಸಿನ ಜೊತೆ' ಅಂತ ಅರ್ಥವಂತೆ. ಸಂಜೆ ಐದಕ್ಕೆ ಮಗ ಹುಟ್ಟಿದ. ಒರೆಸದೆ, ತೊಳೆಯದೆ ಹಾಗೇ ಎದೆಯ ಮೇಲೆ ಇಟ್ಟರು. ಹೊಕ್ಕುಳಬಳ್ಳಿಯ ಬಡಿತ ನಿಂತ ಮೇಲೆ ಇವರೇ ಕತ್ತರಿಸಿದರು. ಕೈ ನಡುಗುತ್ತಿತ್ತು ಅಂತ ಇವತ್ತಿಗೂ ಒಪ್ಪಲ್ಲ.

ಆಮೇಲೆ ಟೀ, ಬೆಣ್ಣೆ ಸವರಿದ ಟೋಸ್ಟ್, ಜೊತೆಗೆ ಒಂದು ಜಗ್ ತಣ್ಣೀರು. ಹಸಿ ಬಾಣಂತಿಗೆ ತಣ್ಣೀರು! ಫ್ಲಾಸ್ಕಿನಲ್ಲಿ ಬಿಸಿನೀರು, ಡಬ್ಬಿಯಲ್ಲಿ ಮೆಣಸಿನ ಸಾರು ಅನ್ನ ತಗೊಂಡು ಹೋಗು. ಯಾರೂ ಬೇಡ ಅನ್ನಲ್ಲ.

ನಾನು ಕಷ್ಟಪಟ್ಟದ್ದು ಹೆರಿಗೆಯಲ್ಲಲ್ಲ, ಆಮೇಲೆ. ಎಲ್ಲ ಸರಿ ಇದ್ದರೆ ಇಲ್ಲಿ ಅದೇ ದಿನವೇ ಮನೆಗೆ ಕಳಿಸುವುದುಂಟು. ಕಾರಿನಲ್ಲಿ ಮಗುವಿನ ಸೀಟ್ ಇರಬೇಕು, ಅದನ್ನು ಮೊದಲೇ ತಗೊಂಡಿಡಿ. ಅಪ್ಪನಿಗೆ ಕಣ್ಣಿನ ಆಪರೇಷನ್ ಇತ್ತು, ಹಾಗಾಗಿ ಅಮ್ಮ ಬಂದದ್ದು ಮಗುವಿಗೆ ಮೂರು ವಾರವಾದ ಮೇಲೆ. ಎಣ್ಣೆ ಹಚ್ಚುವವರಿಲ್ಲ, ಸಾಂಬ್ರಾಣಿ ಹಾಕಿದರೆ ಹೊಗೆಯ ಅಲಾರಂ ಕೂಗುತ್ತದೆ. ಮಾರನೇ ದಿನ ಮಿಡ್‌ವೈಫ್ ಮನೆಗೇ ಬಂದಳು, ಐದನೇ ದಿನ ಮಗುವಿನ ಹಿಮ್ಮಡಿಯಿಂದ ರಕ್ತ ತೆಗೆಯಲು ಮತ್ತೆ ಬಂದಳು. ತೂಕ ನೋಡಿದಳು, ಹಾಲು ಕುಡಿಯುವುದು ನೋಡಿದಳು. ಹೊರಡುವಾಗ ಬಾಗಿಲಲ್ಲಿ ನಿಂತು, ನೀನು ನಿದ್ದೆ ಮಾಡುತ್ತಿದ್ದೀಯಾ ಅಂತ ಕೇಳಿದಳು. ಅಷ್ಟೇ ಕೇಳಿದ್ದು. ನಾನು ಅಳುವುದಕ್ಕೆ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಕೈಗೆತ್ತಿಕೊಂಡಿದ್ದ ಚೀಲ ಕೆಳಗಿಟ್ಟು ಮತ್ತೆ ಬಂದು ಕೂತಳು.

ಅದಕ್ಕೇ ನಿನ್ನ ಪ್ರಶ್ನೆಗೆ ನನ್ನ ಉತ್ತರ: ಹೆರಿಗೆಗೆ ಹೆದರಿ ಊರಿಗೆ ಹೋಗಬೇಡ. ಬಾಣಂತನಕ್ಕೆ ಜನ ಇಲ್ಲ ಅಂತ ಹೋಗುವುದಾದರೆ ಅದು ಬೇರೆ ಮಾತು, ಅದನ್ನು ನಾನು ತಪ್ಪು ಅನ್ನಲಾರೆ. ಹೋದರೆ ಮಗುವಿಗೂ ಅಲ್ಲಿಂದ ವೀಸಾ ಮಾಡಿಸಿ ಕರೆತರಬೇಕು. ಅಮ್ಮನನ್ನೇ ಕರೆಸಿಕೊಳ್ಳುವುದು ವಾಸಿ, ವಿಸಿಟರ್ ವೀಸಾದಲ್ಲಿ ಆರು ತಿಂಗಳವರೆಗೆ ಇರಬಹುದು. ಅರ್ಜಿ ಬೇಗ ಹಾಕಿ.

ಬುಕಿಂಗಿಗೆ ಊರಿನ ತಾಯಿ ಕಾರ್ಡ್ ಥರ ಏನಾದರೂ ಹಳೆಯ ರಿಪೋರ್ಟ್ ಇದ್ದರೆ ತಗೊಂಡು ಹೋಗು. ಇಂಗ್ಲಿಷಿನಲ್ಲಿ ತಡವರಿಸಿದರೆ ದುಭಾಷಿ ಕೇಳು, ಪುಕ್ಕಟೆ. ಗಂಡನೇ ಸಾಕು ಅನ್ನಬೇಡ, ಕೆಲವು ಮಾತು ಅವನ ಮುಂದೆ ಹೇಳಲಾಗುವುದಿಲ್ಲ. ನಾವು ಭಾರತದವರು ಅಂತ 24ರಿಂದ 28 ವಾರದಲ್ಲಿ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡುತ್ತಾರೆ, ಗಾಬರಿ ಬೇಡ. 20ನೇ ವಾರದ ಸ್ಕ್ಯಾನಿನಲ್ಲಿ ಗಂಡೋ ಹೆಣ್ಣೋ ಕೇಳಿದರೆ ಸಾಮಾನ್ಯವಾಗಿ ಹೇಳುತ್ತಾರೆ. ಊರಿನವರಿಗೆ ಹೇಳುವುದು ಬಿಡುವುದು ನಿನ್ನಿಷ್ಟ, ನಾನಂತೂ ಹೇಳಲಿಲ್ಲ. ಇನ್ನೊಂದು, ನೋವಾದರೆ ಹಲ್ಲು ಕಚ್ಚಿಕೊಂಡು ಇರಬೇಡ. ನಮ್ಮ ಕಡೆ ಹೆಂಗಸರಿಗೆ ಅದೊಂದು ಅಭ್ಯಾಸ. ನೀನು ಬಾಯಿಬಿಟ್ಟು ಹೇಳದಿದ್ದರೆ ನೋವು ಕಡಿಮೆ ಇದೆ ಅಂತಲೇ ಇಲ್ಲಿ ಅಂದುಕೊಳ್ಳುತ್ತಾರೆ.

ತಿಪಟೂರಿನ ಒಣಕೊಬ್ಬರಿ ನನ್ನ ಹತ್ತಿರ ಎರಡು ಕೇಜಿ ಇದೆ, ಬಜೆಯೂ ಇದೆ. ಎಂಟನೇ ತಿಂಗಳಿಗೆ ಕಳಿಸುತ್ತೇನೆ. ಬುಕಿಂಗ್ ಯಾವ ದಿನಕ್ಕೆ ಸಿಕ್ಕಿತು ಅಂತ ತಿಳಿಸು.